ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮಸಿಯ ಕಾವಲುಗಾರ



ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ತರ್ಕಶಾಸ್ತ್ರವನ್ನು ಕಲಿಯುವವರಿಗೂ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದೇ ಮೊದಲನೆಯ ಉದಾಹರಣೆ. ಆದರೆ ಹೊಗೆ ಕಾಣದಿದ್ದಾಗ ಏನೆಂದು ಊಹಿಸಬೇಕು? ಹೊಗೆಯೇ ಇಲ್ಲವೆಂದೋ, ಅಥವಾ ನೋಡುವ ಕಣ್ಣು ಕೆಟ್ಟಿದೆಯೆಂದೋ? ಈ ಪ್ರಶ್ನೆಗೆ ಇಂದಿನ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿರುವ ಒಂದು ಚಿಕ್ಕ ಉಪಕರಣವು ಬಹು ಸೊಗಸಾದ ಉತ್ತರವನ್ನು ಕೊಡುತ್ತದೆ. ನಮ್ಮ ಹೊಸೂರು 1980 ರಿಂದಲೂ ಲಾರಿಗಳನ್ನು ನಿರ್ಮಿಸುತ್ತಿರುವ ಊರಾದುದರಿಂದ, ಈ ವಿಷಯವು ನಮಗೆ ದೂರದ್ದಲ್ಲ.

ಮಸಿ ಎಂದರೇನು?

ಸೀಮೆಎಣ್ಣೆಯ ದೀಪದ ಬತ್ತಿಯನ್ನು ಮಿತಿಮೀರಿ ಏರಿಸಿದರೆ ಗಾಜಿನ ಚಿಮಣಿಯು ಕಪ್ಪಾಗುವುದಷ್ಟೆ. ಎಣ್ಣೆಗೆ ಸಾಕಷ್ಟು ಗಾಳಿ ದೊರೆಯದೆ, ಅದರಲ್ಲಿನ ಇಂಗಾಲವು ಪೂರ್ತಿಯಾಗಿ ಉರಿಯದೆ ಉಳಿಯುತ್ತದೆ. ಆ ಉಳಿಕೆಯೇ ಮಸಿ. ಜರ್ಮನಿಯ ರುಡಾಲ್ಫ್ ಡೀಸೆಲನು 1897 ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದ ಎಂಜಿನ್ನಿನಲ್ಲಿಯೂ ಇದೇ ನಡೆಯುತ್ತದೆ. ಅಲ್ಲಿ ಗಾಳಿಯನ್ನು ಬಲವಾಗಿ ಅದುಮಿ ಕಾಯಿಸಿ, ಅದರೊಳಕ್ಕೆ ಎಣ್ಣೆಯನ್ನು ಸಿಂಪಡಿಸುತ್ತಾರೆ. ಸಿಂಪಡಿಸಿದ ಎಣ್ಣೆಯು ಎಲ್ಲಿ ಗಾಳಿಯೊಡನೆ ಚೆನ್ನಾಗಿ ಬೆರೆಯುವುದಿಲ್ಲವೋ ಅಲ್ಲಿ ಮಸಿ ಹುಟ್ಟುತ್ತದೆ.

ಈ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲ್ಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕವು. ನಮ್ಮ ತಲೆಗೂದಲಿನ ದಪ್ಪವು ಸುಮಾರು 50 ರಿಂದ 70 ಮೈಕ್ರಾನು. ಇಷ್ಟು ಸೂಕ್ಷ್ಮವಾದ ಧೂಳನ್ನು ಮೂಗಿನ ರೋಮಗಳು ತಡೆಯಲಾರವು. ಅದು ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ 2012 ರಲ್ಲಿ ಸೇರಿಸಿತು. ರಸ್ತೆಯ ಬದಿಯಲ್ಲಿ ನಡೆದು ಶಾಲೆಗೆ ಬರುವ ಮಕ್ಕಳ ಮುಖವು ಲಾರಿಯ ಹೊಗೆಕೊಳವೆಗೆ ದೊಡ್ಡವರ ಮುಖಕ್ಕಿಂತ ಹತ್ತಿರವಿರುತ್ತದೆ ಎಂಬುದನ್ನು ಪೋಷಕರು ನೆನೆಯಬೇಕು.

ಶೋಧಕ ಅಥವಾ ಫಿಲ್ಟರು

ಮಸಿಯನ್ನು ತಡೆಯಲು ಹೊಗೆಕೊಳವೆಯ ನಡುವೆ ಪಿಂಗಾಣಿಯಂತಹ ವಸ್ತುವಿನ ಶೋಧಕವನ್ನು ಇಡುತ್ತಾರೆ. ಅದು ಜೇನುಗೂಡಿನಂತೆ ಕಿರುನಾಳಗಳಿಂದ ತುಂಬಿದೆ. ಒಂದು ನಾಳದ ಹಿಂತುದಿಯನ್ನೂ ಅದರ ಪಕ್ಕದ ನಾಳದ ಮುಂತುದಿಯನ್ನೂ ಮುಚ್ಚಿರುವುದರಿಂದ, ಒಳಹೊಕ್ಕ ಹೊಗೆಯು ರಂಧ್ರಮಯವಾದ ಗೋಡೆಯನ್ನು ದಾಟಿಯೇ ಹೊರಬರಬೇಕು. ಗಾಳಿ ದಾಟುತ್ತದೆ, ಮಸಿ ಗೋಡೆಯಲ್ಲಿಯೇ ಉಳಿಯುತ್ತದೆ. ಮಸಿ ತುಂಬಿದಾಗ ಶೋಧಕವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅದನ್ನು ಸುಟ್ಟುಬಿಡುತ್ತಾರೆ. ಫ್ರಾನ್ಸಿನ ಪ್ಯೂಜೊ ಕಂಪೆನಿಯು 2000 ದಲ್ಲಿ ತನ್ನ 607 ಎಂಬ ಕಾರಿನಲ್ಲಿ ಇದನ್ನು ಅಳವಡಿಸಿ ಮಾರಾಟಕ್ಕೆ ತಂದಿತು.

ನಮ್ಮ ದೇಶದಲ್ಲಿ 2020 ರ ಏಪ್ರಿಲ್ 1 ರಿಂದ ಭಾರತ್ ಸ್ಟೇಜ್ 6 ಎಂಬ ನಿಯಮವು ಜಾರಿಗೆ ಬಂದಿತು. ಹಿಂದಿನ ನಾಲ್ಕನೆಯ ಹಂತದಲ್ಲಿ ಡೀಸೆಲ್ ಕಾರೊಂದು ಕಿಲೋಮೀಟರಿಗೆ 25 ಮಿಲ್ಲಿಗ್ರಾಂ ಕಣಗಳನ್ನು ಬಿಡಬಹುದಾಗಿತ್ತು. ಆರನೆಯ ಹಂತದಲ್ಲಿ 4.5 ಮಿಲ್ಲಿಗ್ರಾಂ ಮಾತ್ರ. ಶೋಧಕವಿಲ್ಲದೆ ಈ ಮಿತಿಯೊಳಗೆ ನಿಲ್ಲುವುದು ಬಹು ಕಷ್ಟ. ಆದರೆ ಶೋಧಕವೇ ಒಡೆದರೆ? ಅಥವಾ ಅದನ್ನು ಯಾರಾದರೂ ಕಿತ್ತುಹಾಕಿದರೆ? ಅದಕ್ಕಾಗಿ ಶೋಧಕದ ಹಿಂದೆ ಕಾವಲುಗಾರನೊಬ್ಬನನ್ನು ನಿಲ್ಲಿಸಬೇಕಾಯಿತು. ಅವನೇ ಮಸಿಯ ಸಂವೇದಕ, ಎಂದರೆ ಸೆನ್ಸರು.

ಸಂವೇದಕದ ರಚನೆ

ಪೆನ್ಸಿಲಿನಿಂದ ಕಾಗದದ ಮೇಲೆ ದಪ್ಪನಾದ ಚಿಕ್ಕ ಗೆರೆಯೊಂದನ್ನು ಎಳೆಯಿರಿ. ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಎಲ್.ಇ.ಡಿ. ದೀಪ ಮತ್ತು ಆ ಗೆರೆ, ಈ ಮೂರನ್ನೂ ಒಂದೇ ಮಂಡಲದಲ್ಲಿ ಸೇರಿಸಿರಿ. ದೀಪವು ಮಂದವಾಗಿ ಬೆಳಗುವುದು. ಗೆರೆಯ ನಡುವೆ ರಬ್ಬರಿನಿಂದ ಅಳಿಸಿದರೆ ಆರುವುದು. (ಮನೆಯ ವಿದ್ಯುತ್ತಿನಿಂದ ಈ ಪ್ರಯೋಗವನ್ನು ಎಂದಿಗೂ ಮಾಡಕೂಡದು.) ಪೆನ್ಸಿಲಿನ ಕಡ್ಡಿಯಲ್ಲಿ ಇಂಗಾಲವಿದೆ, ಮಸಿಯೂ ಇಂಗಾಲವೇ. ಎರಡೂ ವಿದ್ಯುತ್ತನ್ನು ಹರಿಯಗೊಡುತ್ತವೆ. ಸಂವೇದಕದ ಗುಟ್ಟೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದಕ್ಕೊಂದು ತಾಗದಂತೆ ಒಂದರೊಳಗೊಂದು ತೂರಿಸಿದ ಚಿತ್ರವನ್ನು ಕಲ್ಪಿಸಿಕೊಳ್ಳಿರಿ. ಅಲ್ಯೂಮಿನಾ ಎಂಬ ವಿದ್ಯುದ್ರೋಧಕ ಪಿಂಗಾಣಿಯ ಕಿರುಪಟ್ಟಿಯ ಮೇಲೆ ಪ್ಲಾಟಿನಂ ಲೋಹದಿಂದ ಇಂತಹ ಎರಡು ಬಾಚಣಿಗೆಗಳನ್ನು ಅಚ್ಚೊತ್ತಿರುತ್ತಾರೆ. ಅವುಗಳ ನಡುವೆ ತೆರಪಿರುವುದರಿಂದ ಮೊದಲು ವಿದ್ಯುತ್ತು ಹರಿಯದು. ಮಸಿಯ ಕಣಗಳು ಬಂದು ಕುಳಿತಂತೆಲ್ಲ ಹಲ್ಲಿನಿಂದ ಹಲ್ಲಿಗೆ ಸೇತುವೆ ಬೆಳೆಯುತ್ತದೆ. ಪ್ರವಾಹವು ಹುಟ್ಟಿ ಏರುತ್ತದೆ. ಅದು ಗೊತ್ತಾದ ಮಟ್ಟವನ್ನು ಮುಟ್ಟಲು ಎಷ್ಟು ಕಾಲ ಹಿಡಿಯಿತೆಂದು ವಾಹನದ ಗಣಕಯಂತ್ರವು ಲೆಕ್ಕವಿಡುತ್ತದೆ. ಶೋಧಕವು ಸರಿಯಿದ್ದರೆ ಬಹಳ ಹೊತ್ತು ಬೇಕು. ಬಿರುಕು ಬಿಟ್ಟಿದ್ದರೆ ಬೇಗನೆ ಮುಟ್ಟುತ್ತದೆ. ಲೆಕ್ಕ ಮುಗಿದ ಮೇಲೆ ಪಟ್ಟಿಯಲ್ಲಿಯೇ ಇರುವ ಕಿರುಒಲೆಯು ಮಸಿಯನ್ನು ಸುಟ್ಟು ಹಲಗೆಯನ್ನು ಒರಸುತ್ತದೆ. ಲೆಕ್ಕ ಮತ್ತೆ ಮೊದಲಾಗುತ್ತದೆ.

ಆತ್ಮಪರೀಕ್ಷೆ

ಇಲ್ಲಿಯೇ ತೊಡಕು. ಪ್ರವಾಹವಿಲ್ಲವೆಂದರೆ ಮಸಿಯಿಲ್ಲವೆಂದರ್ಥ. ಆದರೆ ತಂತಿ ತುಂಡಾಗಿದ್ದರೂ ಪ್ರವಾಹವಿರುವುದಿಲ್ಲ! ಸತ್ತ ಸಂವೇದಕವೂ ಶುದ್ಧವಾದ ಗಾಳಿಯೂ ಒಂದೇ ಮಾತನ್ನು ಹೇಳುತ್ತವೆ. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ಇಲ್ಲಿ ನಡೆಯದು. ರಾತ್ರಿಯ ಕಾವಲುಗಾರನು ಕಳ್ಳನಿಲ್ಲದಾಗಲೂ ಗಂಟೆಗೊಮ್ಮೆ ಕೂಗುವುದೇತಕ್ಕೆ? ತಾನು ಎಚ್ಚರವಿದ್ದೇನೆಂದು ತಿಳಿಸುವುದಕ್ಕೆ. ಸಂವೇದಕಕ್ಕೂ ಅಂತಹ ಕೂಗನ್ನು ಕಲಿಸಿದ್ದಾರೆ.

ಮೊದಲನೆಯದು: ಅಲ್ಯೂಮಿನಾ ತಣ್ಣಗಿರುವಾಗ ವಿದ್ಯುದ್ರೋಧಕವಾದರೂ, ಬಹಳವಾಗಿ ಕಾದಾಗ ಅತ್ಯಲ್ಪ ಪ್ರವಾಹವನ್ನು ಬಿಡುತ್ತದೆ. ಆದುದರಿಂದ ಕಿರುಒಲೆಯು ಉರಿಯುವಾಗ ಆ ಅಲ್ಪಪ್ರವಾಹವು ಕಂಡರೆ ತಂತಿಗಳು ಸರಿಯಾಗಿವೆ. ಕಾಣದಿದ್ದರೆ ಎಲ್ಲಿಯೋ ತುಂಡಾಗಿದೆ.

ಎರಡನೆಯದು: ಮಸಿಯನ್ನು ಸುಟ್ಟು ಪಟ್ಟಿ ಆರಿದ ಮೇಲೆ ಪ್ರವಾಹವು ಸೊನ್ನೆಗೆ ಇಳಿಯಬೇಕು. ಇಳಿಯದಿದ್ದರೆ ಸುಡಲಾಗದ ಕಶ್ಮಲವೇನೋ ಹಲ್ಲುಗಳನ್ನು ಬೆಸೆದಿದೆ.

ಮೂರನೆಯದು: ಪ್ಲಾಟಿನಂ ಕಾದಷ್ಟೂ ಅದರ ವಿದ್ಯುತ್‌ರೋಧವು ಹೆಚ್ಚುತ್ತದೆ. ಅದನ್ನು ಅಳೆದು, ಒಲೆಯು ನಿಜವಾಗಿಯೂ ಕಾದಿತೇ ಎಂದು ತಿಳಿಯಬಹುದು.

ನಾಲ್ಕನೆಯದು: ಕೊಳವೆಯಲ್ಲಿ ಗಾಳಿಯ ವೇಗ ಹೆಚ್ಚಿದರೆ ಒಲೆಯು ಬೇಗ ತಣಿಯುವುದರಿಂದ ಅದಕ್ಕೆ ಹೆಚ್ಚು ವಿದ್ಯುತ್ತು ಬೇಕು. ಎಂಜಿನ್ನು ರಭಸದಿಂದ ಓಡುತ್ತಿದ್ದರೂ ಒಲೆಯ ಬೇಡಿಕೆ ಬದಲಾಗದಿದ್ದರೆ, ಸಂವೇದಕವನ್ನು ಯಾರೋ ಕೊಳವೆಯಿಂದ ಬಿಚ್ಚಿ ಹೊರಗೆ ತೂಗುಹಾಕಿದ್ದಾರೆಂದು ಊಹಿಸಬಹುದು.

ಎಲ್ಲ ಸಂವೇದಕಗಳಲ್ಲಿಯೂ ಈ ನಾಲ್ಕೂ ಇರಬೇಕೆಂದಿಲ್ಲ. ವಿನ್ಯಾಸಗಳು ಬೇರೆ ಬೇರೆ. ದೋಷವು ಕಂಡಾಗ ಚಾಲಕನ ಮುಂದೆ ಹಳದಿ ದೀಪವು ಬೆಳಗುತ್ತದೆ. ದೋಷದ ಸಂಖ್ಯೆಯು ಗಣಕದಲ್ಲಿ ದಾಖಲಾಗುತ್ತದೆ. ಆದರೆ ಈ ಕಾವಲುಗಾರನು ಸರ್ವಜ್ಞನಲ್ಲ. ಸಾರಜನಕದ ಆಕ್ಸೈಡುಗಳೆಂಬ ವಿಷಾನಿಲಗಳು ಅವನ ಕಣ್ಣಿಗೆ ಬೀಳವು. ಅವುಗಳಿಗೆ ಬೇರೆ ಸಂವೇದಕಗಳುಂಟು.

ಪೋಷಕರಿಗೆ ಎರಡು ಮಾತು

ಊರೊಳಗೇ ಅಲ್ಪದೂರ ಓಡುವ ವಾಹನದ ಶೋಧಕವು ಸಾಕಷ್ಟು ಕಾಯದೆ, ಮಸಿಯಿಂದ ಕಟ್ಟಿಕೊಳ್ಳುವುದುಂಟು. ಆಗ ಕೈಪಿಡಿಯಲ್ಲಿ ಹೇಳಿರುವಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಹಲವು ವೇಳೆ ಸರಿಹೋಗುತ್ತದೆ. ಹಾಗೆ ಮಾಡದೆ, ಖರ್ಚು ಉಳಿಯಿತೆಂದು ಶೋಧಕವನ್ನೇ ತೆಗೆಸಿ, ಹಳದಿ ದೀಪವು ಬೆಳಗದಂತೆ ಗಣಕವನ್ನು ತಿದ್ದಿಸುವುದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಉಳಿದ ಹಣ ಒಬ್ಬರದು. ಮಸಿಯನ್ನು ಉಸಿರಾಡುವ ಮಕ್ಕಳು ಎಲ್ಲರವರು. ಅನ್ಯದೇಶಗಳಲ್ಲಿಯೂ ಈ ವಂಚನೆ ಇಲ್ಲದಿಲ್ಲ. ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿ ದೇಶಗಳು 2023 ರಿಂದ ವಾಹನಗಳ ನಿಯತಕಾಲಿಕ ತಪಾಸಣೆಯಲ್ಲಿ ಕಣಗಳನ್ನೇ ಎಣಿಸುವ ಯಂತ್ರವನ್ನು ಬಳಕೆಗೆ ತಂದವು.

ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಲೆಕ್ಕ ಬಿಡಿಸಿದ ಮೇಲೆ ತಾಳೆ ನೋಡಿರೆಂದು ಉಪಾಧ್ಯಾಯರು ಹೇಳುವುದುಂಟಷ್ಟೆ. ಅದು ಅಂಕಗಳಿಗಾಗಿ ಮಾತ್ರ ಹೇಳಿದ ಮಾತಲ್ಲ. ಅಳೆಯುವ ಕೋಲನ್ನು ಮೊದಲು ಅಳೆದುಕೊಳ್ಳದವನ ಅಳತೆಯನ್ನು ಯಾರೂ ನಂಬಲಾರರು.

ಅಭ್ಯಾಸ

1. ಸಂವೇದಕವನ್ನು ಶೋಧಕದ ಮುಂದೆ ಇಡದೆ ಹಿಂದೆ ಇಡುವುದೇಕೆ?
2. ನಾಲ್ಕನೆಯ ಮತ್ತು ಆರನೆಯ ಹಂತದ ಮಿತಿಗಳಂತೆ, ಕಾರೊಂದು 200 ಕಿಲೋಮೀಟರು ಓಡಿದಾಗ ಬಿಡಬಹುದಾದ ಕಣಗಳ ತೂಕವನ್ನು ಗ್ರಾಂಗಳಲ್ಲಿ ಲೆಕ್ಕಮಾಡಿರಿ.
3. "ಏನೂ ಕಾಣುತ್ತಿಲ್ಲ" ಎಂಬ ಉತ್ತರವನ್ನು ನಂಬುವ ಮೊದಲು ಏನನ್ನು ಪರೀಕ್ಷಿಸಬೇಕು? ನಿಮ್ಮ ಮನೆಯಲ್ಲಿ ಬಳಸುವ ಯಾವುದಾದರೊಂದು ಉಪಕರಣದ ಉದಾಹರಣೆಯೊಡನೆ ವಿವರಿಸಿರಿ.