ಹೆಣ್ಣಾಳು, ಗಂಡಾಳು: ಕೂಲಿಯ ಭಾಷೆಯಲ್ಲಿ ಲಿಂಗಭೇದ

ಕನ್ನಡ ಸೀಮೆಯ ಕೃಷಿ ವ್ಯವಹಾರದಲ್ಲಿ ‘ಹೆಣ್ಣಾಳು’, ‘ಗಂಡಾಳು’ ಎಂಬ ಪದಗಳು ಕೆಲಸಗಾರರ ಲಿಂಗವನ್ನಷ್ಟೇ ಸೂಚಿಸುವುದಿಲ್ಲ. ಅವು ಕೂಲಿಯ ದರಗಳೂ ಹೌದು. ನಾಟಿಗೆ ಎಷ್ಟು ಹೆಣ್ಣಾಳು ಹಿಡಿಯಿತು, ಬದು ಹಾಕಲು ಎಷ್ಟು ಗಂಡಾಳು ಬೇಕು ಎಂದು ಲೆಕ್ಕ ಹಾಕುವಾಗ ವ್ಯಕ್ತಿ ಮರೆಯಾಗಿ ಅಳತೆಯ ಮಾನವೊಂದು ಉಳಿಯುತ್ತದೆ. ‘ಹೆಣ್ಣಾಳಿನ ಕೂಲಿ’ ಎಂದರೆ ಕಡಿಮೆ ಕೂಲಿ ಎಂಬುದು ಹೇಳದೆಯೇ ತಿಳಿಯುವ ಅರ್ಥ. ಕೂಲಿಯನ್ನು ನಿರ್ಧರಿಸುವುದು ಮಾಡಿದ ಕೆಲಸವಲ್ಲ, ಮಾಡುವ ದೇಹ ಎಂಬ ತೀರ್ಮಾನವು ಚೌಕಾಸಿಗೆ ಮೊದಲೇ ಭಾಷೆಯಲ್ಲಿ ಆಗಿಹೋಗಿರುತ್ತದೆ.

ಶರಣೆಯರ ಹೆಸರುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಎಂಬಲ್ಲಿ ಅಕ್ಕಿ ಆಯುವುದು, ನೂಲುವುದು, ಭತ್ತ ಕುಟ್ಟುವುದು ಹೆಸರಿನ ಮೊದಲ ಅಂಗವಾಗಿವೆ. ಹೆಣ್ಣು ಇಲ್ಲಿ ಕಾಯಕದಿಂದ ಗುರುತಾಗುತ್ತಾಳೆ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಹೇಳಿದ ಪ್ರಸಂಗವನ್ನು ನಿರಾಸೆಯ ಆದರ್ಶವೆಂದೇ ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಮನೆಗೆ ಎಷ್ಟು ಸಾಕು ಎಂಬ ಆರ್ಥಿಕ ನಿರ್ಣಯವನ್ನು ಅಲ್ಲಿ ಹೆಂಡತಿ ಕೈಗೊಳ್ಳುತ್ತಾಳೆ ಎಂಬ ಅಂಶವೂ ಅಷ್ಟೇ ಮುಖ್ಯ. ಆದರೆ ಇದರಿಂದ ಶರಣರಲ್ಲಿ ಸಮಾನ ವೇತನವಿತ್ತೆಂದು ಹೇಳಹೊರಡುವುದು ಆತುರವಾದೀತು. ಬಿದ್ದ ಅಕ್ಕಿಯನ್ನು ಆಯ್ದವರಿಗೆ ಧಣಿಯೂ ಇಲ್ಲ, ಕೂಲಿಯೂ ಇಲ್ಲ.

1976ರ ಸಮಾನ ವೇತನ ಕಾಯಿದೆಯು ಒಂದೇ ಬಗೆಯ ಅಥವಾ ಸದೃಶವಾದ ಕೆಲಸಕ್ಕೆ ಒಂದೇ ವೇತನವೆಂದು ವಿಧಿಸಿತು. ಅದನ್ನು ಒಳಗೊಂಡ 2019ರ ವೇತನ ಸಂಹಿತೆಯ ಆಧಾರವೂ ಇದೇ ಹೋಲಿಕೆ. ಹೊಲಗದ್ದೆಗಳಲ್ಲಿ ಈ ಹೋಲಿಕೆಗೆ ಅವಕಾಶವೇ ವಿರಳ. ಉಳುಮೆ ಗಂಡಿನದು, ನಾಟಿ, ಕಳೆ ಹೆಣ್ಣಿನವು. ದಿನವಿಡೀ ಕೆಸರಿನಲ್ಲಿ ಬಾಗಿ, ಅಂತರ ತಪ್ಪದಂತೆ ಸಸಿ ಊರುವುದು ‘ಹಗುರ ಕೆಲಸ’ವೆನಿಸಿದ್ದು ಹೆಣ್ಣು ಮಾಡುತ್ತಾಳೆಂಬ ಕಾರಣಕ್ಕೇ ಹೊರತು ಅದರಲ್ಲಿ ಶ್ರಮ, ಕೌಶಲ ಕಡಿಮೆಯೆಂದಲ್ಲ. ಕೆಲಸವನ್ನೇ ವಿಂಗಡಿಸಿದ ಮೇಲೆ ಕೂಲಿಯ ತಾರತಮ್ಯವು ಕಾಯಿದೆಯ ಕಣ್ಣಿಗೆ ತಾರತಮ್ಯವಾಗಿ ತೋರುವುದಿಲ್ಲ.

ಗ್ರಾಮೀಣ ಉದ್ಯೋಗ ಖಾತರಿಯ 2005ರ ಕಾಯಿದೆ ಬೇರೊಂದು ಮಾದರಿಯನ್ನು ತಂದಿತು. ಅದರ ಹಾಜರಿ ಪಟ್ಟಿಯಲ್ಲಿ ಹೆಣ್ಣಾಳು, ಗಂಡಾಳುಗಳಿಲ್ಲ. ಹೆಸರುಗಳಿದ್ದವು, ಇಬ್ಬರಿಗೂ ಒಂದೇ ದರವಿತ್ತು. ಗುದ್ದಲಿ ಹಿಡಿದು ಅಗೆಯುವವನಿಗೂ ಮಣ್ಣು ಹೊರುವವಳಿಗೂ ಅಗೆದ ಗುಂಡಿಯ ಅಳತೆಯೇ ಕೂಲಿಯ ಆಧಾರವಾಯಿತು. ಅದೇ ಊರಿನ ಗದ್ದೆಗೆ ಮರಳಿದಾಗ ಆಕೆ ಪುನಃ ಹೆಣ್ಣಾಳು.