ಪದೇ ಪದೇ ಸುಡುವ ಫ್ಯೂಜು: ಹಳೆಯ ಮೋಟಾರಿನ ಒಂದು ಪಾಠ

ಎತ್ತು ಕುಂಟಿದರೆ ನಾವು ಅದರ ಕಾಲನ್ನೆತ್ತಿ ಮುಳ್ಳು ಹುಡುಕುತ್ತೇವೆ, ಬಾರುಕೋಲನ್ನು ಹುಡುಕುವದಿಲ್ಲ. ಮೋಟಾರಿನ ಫ್ಯೂಜು ಸುಟ್ಟಾಗ ಮಾತ್ರ ಈ ವಿವೇಕವನ್ನು ಮರೆಯುತ್ತೇವೆ. ತಪ್ಪನ್ನು ನಾವೂ ಮಾಡಿದ್ದರಿಂದ ಒಕ್ಕಲಿಗ ಬಂಧುಗಳಿಗೆ ತಿಳಿಸುವದು ನಮ್ಮ ಕರ್ತವ್ಯ.

ಕಳೆದ ಸುಗ್ಗಿಯಲ್ಲಿ ಸೊಲ್ಲಾಪುರದ ಪೇಟೆಗೆ ದಾಳಿಂಬೆ ಹಾಕಿ ಅಕ್ಕಲಕೋಟೆಯ ದಾರಿಯಿಂದ ಮರಳುತ್ತಿದ್ದೆವು. ಹೊತ್ತು ಮುಳುಗಿತ್ತು. ನಮ್ಮ ಹಳೆಯ ಮೋಟಾರಿನ ಹಿಂದಿನ ದೀಪಗಳು ಆರಿದ್ದು, ಹಿಂದೆ ಬಂದವರು ಕೂಗಿ ಹೇಳಿದ ಮೇಲೆಯೇ ತಿಳಿಯಿತು. ಹೊಸ ಫ್ಯೂಜು ಹಾಕಿದೆವು. ದೀಪದ ಗುಂಡಿ ಒತ್ತಿದೊಡನೆ ಸುಟ್ಟಿತು. ಇನ್ನೊಂದು ಹಾಕಿದೆವು, ಅದೂ ಹೋಯಿತು. "ಮಾಸ್ತರ್ರ, ತಾಮ್ರದ ತಂತಿ ಸುತ್ತರಿ, ಮತ್ತ ಸುಡೂದಿಲ್ಲ" ಎಂದರೊಬ್ಬರು. ಸುತ್ತಿದೆವು. ಎರಡು ನಿಮಿಷವೂ ಆಗಿರಲಿಲ್ಲ, ಮಕ್ಕಳು ಮಲಗಿದ್ದ ಆಸನದ ಕೆಳಗಿನಿಂದ ಹೊಗೆ ಬಂದಿತು. ಮಕ್ಕಳನ್ನು ಇಳಿಸಿ ಬ್ಯಾಟರಿಯ ತಂತಿಯನ್ನು ಕಳಚುವಷ್ಟು ವೇಳೆ ಸಿಕ್ಕದ್ದು ನಮ್ಮ ಪುಣ್ಯ.

ಫ್ಯೂಜೆಂದರೆ ಕಾವಲುಗಾರ. ಪ್ರವಾಹ ಮಿತಿಮೀರಿದರೆ ಅದು ತಾನು ಕರಗಿ ಮೋಟಾರನ್ನು ಉಳಿಸುತ್ತದೆ. ಲೆಕ್ಕ ನೋಡಿರಿ: ಮುಂದಿನ ಸಣ್ಣ ದೀಪ 2, ಹಿಂದಿನವು 2, ನಂಬರಿನ ಫಲಕದ್ದು 1, ತಲಾ 5 ವ್ಯಾಟಿನಂತೆ 25 ವ್ಯಾಟು. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 2 ಆಂಪಿಯರು. 10 ಆಂಪಿಯರಿನ ಫ್ಯೂಜು ಇಷ್ಟಕ್ಕೆ ಸುಡಲಾರದು. ಸುಟ್ಟಿತೆಂದರೆ ಪ್ರವಾಹ ಅಡ್ಡದಾರಿ ಹಿಡಿದಿದೆ. ಮೋಟಾರಿನಲ್ಲಿ ಕಬ್ಬಿಣದ ಮೈಯೇ ಪ್ರವಾಹವು ಬ್ಯಾಟರಿಗೆ ಮರಳುವ ದಾರಿ. ಹೊದಿಕೆ ಹರಿದ ತಂತಿ ಆ ಮೈಗೆ ತಾಗಿದರೆ, ಏರಿ ಒಡೆದ ಕಾಲುವೆಯ ನೀರಿನಂತೆ ಪ್ರವಾಹವೆಲ್ಲ ಅಲ್ಲಿಯೇ ನುಗ್ಗುತ್ತದೆ.

ಫ್ಯೂಜು ಸುಡುವ ಹೊತ್ತೇ ಅರ್ಧ ಕಾರಣವನ್ನು ಹೇಳುತ್ತದೆ. ಗುಂಡಿ ಒತ್ತಿದೊಡನೆ ಸುಟ್ಟರೆ ತಂತಿ ಮೈಗೆ ತಾಗಿಯೇ ಇದೆ. ಕುಲುಕಾಟದಲ್ಲಿ ಮಾತ್ರ ಸುಟ್ಟರೆ ಆಗಾಗ ತಾಗುತ್ತಿದೆ. ಕೆಲ ಹೊತ್ತಿನ ಮೇಲೆ ಸುಟ್ಟರೆ ಆ ಸಾಲಿಗೆ ಹೆಚ್ಚಿನ ದೀಪ, ಹಾರ್ನು ಜೋಡಿಸಿರಬಹುದು. ಇಲ್ಲವೆ ವೈಪರಿನಂಥ ಯಂತ್ರ ಬಿಗಿದುಕೊಂಡಿರಬಹುದು.

ಮರುದಿನ ನಾವು ಹೀಗೆ ಪರೀಕ್ಷಿಸಿದೆವು. ಬ್ರೇಕಿನ ದೀಪದ 21 ವ್ಯಾಟಿನ ಬಲ್ಬಿಗೆ ಎರಡು ತಂತಿ ಕಟ್ಟಿ, ಫ್ಯೂಜು ತೆಗೆದ ಜಾಗದ ಎರಡು ತುದಿಗಳಿಗೆ ಸೇರಿಸಿದೆವು. ಆ ಫ್ಯೂಜಿಗೆ ಸೇರಿದ ಬಲ್ಬುಗಳನ್ನೆಲ್ಲ ಕಳಚಿ ಗುಂಡಿ ಒತ್ತಿದೆವು. ತಂತಿ ಸರಿಯಿದ್ದರೆ ಪರೀಕ್ಷೆಯ ಬಲ್ಬು ಹತ್ತಬಾರದು. ನಮ್ಮದು ಝಗ್ಗನೆ ಹತ್ತಿತು. ಬಲ್ಬು 2 ಆಂಪಿಯರಿಗಿಂತ ಹೆಚ್ಚು ಹರಿಯಗೊಡದ್ದರಿಂದ ತಂತಿ ಕಾಯುವ ಭಯವಿಲ್ಲ. ಒಬ್ಬರು ಬಲ್ಬು ನೋಡುತ್ತಿದ್ದಂತೆ ಇನ್ನೊಬ್ಬರು ತಂತಿಯ ಜೋಡುಗಳನ್ನು ಹಿಂದಿನಿಂದ ಒಂದೊಂದಾಗಿ ಬಿಚ್ಚಿದೆವು. ಯಾವ ಜೋಡು ಬಿಚ್ಚಿದಾಗ ಬಲ್ಬು ಆರಿತೋ ಅದರಾಚೆಗೇ ದೋಷ. ಸಾಮಾನಿನ ಡಿಕ್ಕಿಗೆ ತಂತಿ ಹಾಯುವ ತೂತಿನ ರಬ್ಬರು ಬಳೆ ಉದುರಿ, ಕಬ್ಬಿಣದ ಅಂಚು ತಂತಿಯ ಹೊದಿಕೆಯನ್ನು ಕೊಯ್ದಿತ್ತು. ಬ್ಯಾಟರಿ ಕಳಚಿ, ಕಾಯ್ದು ಕೆಟ್ಟ ತಂತಿಯನ್ನೆಲ್ಲ ಬದಲಿಸಿ ಹೊಸ ಬಳೆ ಕೂಡ್ರಿಸಿದೆವು. ಬಣವೆಯ ಬಳಿ ನಿಲ್ಲುವ ಮೋಟಾರಿನಲ್ಲಿ ಇಲಿ ಕಡಿದ ಗುರುತನ್ನೂ ನೋಡಬೇಕು.

ಫ್ಯೂಜು ಒಮ್ಮೆ ಸುಟ್ಟರೆ ಅಷ್ಟೇ ಆಂಪಿಯರಿನದನ್ನು ಹಾಕಿರಿ. ಎರಡನೆಯ ಸಲ ಸುಟ್ಟರೆ ಕಾರಣ ಹುಡುಕಿರಿ. ದಾರಿಯಲ್ಲಿ ಕತ್ತಲಾಗಿದ್ದರೆ ಮೋಟಾರನ್ನು ರಸ್ತೆಯಿಂದ ಸರಿಸಿ ನಿಲ್ಲಿಸಿರಿ. ಮನೆಗೆ ತಡವಾಗಿ ಮುಟ್ಟಿದರೆ ಕೆಡುವದೇನೂ ಇಲ್ಲ.