ರಬ್ಬರಿನ ಉಂಗುರ ಮತ್ತು ಸೋರುವ ತೊಟ್ಟಿ

ಯೂರೋಪಿನಲ್ಲಿ ಕ್ಯಾರವಾನ್ ಎಂಬ ಮನೆಗಾಡಿಗಳಲ್ಲಿ ಪ್ರವಾಸ ಹೋಗುವವರು ಅನೇಕರು. ಇಂತಹ ಗಾಡಿಗಳ ಶೌಚಪೀಠದ ಕೆಳಗೆ, ಹೊರಗೆಳೆದು ಬರಿದುಮಾಡಬಹುದಾದ, ಸುಮಾರು 18 ಲೀಟರು ಹಿಡಿಯುವ ಪ್ಲಾಸ್ಟಿಕ್ ತೊಟ್ಟಿಯೊಂದಿರುತ್ತದೆ. ಇದಕ್ಕೆ ಕ್ಯಾಸೆಟ್ ಎಂದು ಹೆಸರು. ಅದರ ಬಾಯನ್ನು ಜಾರುವ ಫಲಕವೊಂದು ಮುಚ್ಚುತ್ತದೆ. ಫಲಕಕ್ಕೂ ಬಾಯಿಗೂ ನಡುವೆ ಇರುವ ರಬ್ಬರಿನ ಉಂಗುರವೇ ಮಲಿನ ದ್ರವವನ್ನೂ ದುರ್ಗಂಧವನ್ನೂ ತಡೆಯುತ್ತದೆ.

ಅದುಮಿದ ರಬ್ಬರು ಮರಳಿ ಹಿಗ್ಗಲು ಯತ್ನಿಸುವುದರಿಂದ ಸಂದು ಮುಚ್ಚಿಕೊಳ್ಳುತ್ತದೆ. ಈ ಸ್ಥಿತಿಸ್ಥಾಪಕತ್ವ ಕುಂದಿದರೆ ಸೋರಿಕೆ ತಪ್ಪದು. ಇದನ್ನು ಅರಿಯಲು ಸುಲಭವಾದ ಪರೀಕ್ಷೆಯುಂಟು. ತೊಟ್ಟಿ ಬರಿದಾಗಿರುವಾಗ ಫಲಕವನ್ನು ಮುಚ್ಚಿ, ಪೀಠದ ಬಟ್ಟಲಿಗೆ ನೀರು ಸುರಿಯಿರಿ. ನೀರಿನ ಮಟ್ಟ ಮೆಲ್ಲಮೆಲ್ಲನೆ ಇಳಿದರೆ ದೋಷವು ಉಂಗುರದಲ್ಲಿದೆಯೆಂದು ತಿಳಿಯಬೇಕು.

ಆಗ ಕೈಗವಸು ತೊಟ್ಟು, ತೊಟ್ಟಿಯನ್ನು ತೊಳೆದು, ಉಂಗುರವನ್ನು ತೆಗೆದು ನೋಡಬೇಕು. ಕೊಳೆ ಮಾತ್ರ ಅಂಟಿದ್ದರೆ ಶುಚಿಗೊಳಿಸಿದರೆ ಸಾಕು. ಗಡುಸಾಗಿದ್ದರೆ ಅಥವಾ ಬಿರುಕುಬಿಟ್ಟಿದ್ದರೆ ಹೊಸದನ್ನು ಕೂಡಿಸಬೇಕು. ಬಳಿಕ ಸಿಲಿಕೋನ್ ಜಿಡ್ಡನ್ನು ತೆಳುವಾಗಿ ಸವರಬೇಕು. ಪೆಟ್ರೋಲಿಯಂ ಜೆಲ್ಲಿ ಕೂಡದು. ಅದು ಹಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ತೊಟ್ಟಿಯನ್ನು ತೊಳೆದು ಫಲಕವನ್ನು ತೆರೆದಿಡುವುದು ಲೇಸು. ಸದಾ ಅದುಮಿಟ್ಟ ರಬ್ಬರು ಹಿಗ್ಗುವುದನ್ನೇ ಮರೆಯುತ್ತದೆ.